‘ಓಲ್ಡ್ ಲೇಡಿ’ ಅನ್ನಬಹುದಾ?

ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿ ಇಂಗ್ಲೆಂಡಿಗೆ ಹೊರಟಿರುವ ನಿಮ್ಮ ತಂಗಿ ಅಲ್ಲಿ ವಯಸ್ಸಾದ ಹೆಂಗಸರಿಗೆ ಏನನ್ನಬೇಕು, ‘ಓಲ್ಡ್ ಲೇಡಿ’ ತಪ್ಪಾ ಅಂತ ಕೇಳಿದ್ದೀರಿ. ಎದುರಿಗೆ ಖಂಡಿತ ಬೇಡ. ಬೇರೆಯವರ ಹತ್ತಿರ ಅವರ ವಿಷಯ ಹೇಳುವಾಗ ‘ಓಲ್ಡರ್ ಲೇಡಿ’ ಅನ್ನಲಿ. ಅಷ್ಟು ಬದಲಾದರೆ ಮಾತು ಎಷ್ಟು ಮೆತ್ತಗಾಗುತ್ತದೆ ನೋಡಿ. ‘ಎಲ್ಡರ್ಲಿ’ ಬೈಗುಳವಲ್ಲ, ಆದರೆ ಕೈಲಾಗದವರು ಅನ್ನುವ ಧ್ವನಿ ಇದೆ. ‘ಹ್ಯಾಗ್’, ‘ಕ್ರೋನ್’ ಡಿಕ್ಷನರಿಯಲ್ಲಿ ಸಿಕ್ಕರೂ ಬಳಸುವುದು ಬೇಡ, ಅವು ಬೈಗುಳವೇ.

ಕಷ್ಟ ಇರುವುದು ಕರೆಯುವಾಗ. ನಮ್ಮ ಉಡುಪಿ ಬಸ್ಸಿನಲ್ಲಿ ಗುರುತಿಲ್ಲದವರನ್ನೂ ‘ಅಮ್ಮ’, ‘ಅಜ್ಜಿ’, ‘ಆಂಟಿ’ ಅನ್ನುತ್ತೇವೆ, ಅದರಲ್ಲಿ ಪ್ರೀತಿಯೇ ಇರುತ್ತದೆ ಅಲ್ವಾ? ಅಲ್ಲಿ ‘ಗ್ರ್ಯಾನಿ’ ಸ್ವಂತ ಮೊಮ್ಮಕ್ಕಳ ಮಾತು. ‘ಆಂಟಿ’ಯೂ ಹೆಚ್ಚಾಗಿ ಮನೆಯವರಿಗೇ. ‘ಮ್ಯಾಮ್’ ಅಮೆರಿಕದಲ್ಲಿ ಸಲೀಸು. ಇಂಗ್ಲೆಂಡಿನಲ್ಲಿ ಅದು ರಾಣಿಗೆ, ಪೊಲೀಸ್ ಮೇಲಧಿಕಾರಿಗೆ ಹೇಳುವ ಮಾತು. ‘ಡಿಯರ್’, ‘ಲವ್’ ಅಲ್ಲಿ ತುಂಬಾ ಕೇಳಿಸುತ್ತವೆ, ಆದರೆ ಚಿಕ್ಕ ಮಕ್ಕಳ ಹಾಗೆ ನೋಡಿದರು ಅಂತ ಕೆಲವು ಹಿರಿಯರಿಗೆ ಬೇಜಾರಾಗುತ್ತದೆ. ಸುಮ್ನೆ ಊಹಿಸುವುದು ಬೇಡ. ಮೊದಲ ದಿನವೇ ತನ್ನ ಹೆಸರು ಹೇಳಿ, ‘ನಿಮ್ಮನ್ನು ಏನಂತ ಕರೆಯಲಿ?’ ಅಂತ ಕೇಳಿಬಿಡಲಿ. ಅಲ್ಲಿನ ಆಸ್ಪತ್ರೆಗಳಲ್ಲಿ ಹಾಗೆ ಕೇಳುವುದು ರೂಢಿ.