ಮರಡೋನಾ ಜೊತೆಗಾರ ಪಾಕಿಸ್ತಾನಕ್ಕೇಕೆ ಹೋದರು?

ದಾವಣಗೆರೆಯಿಂದ ನೀವು ಬರೆದ ಪತ್ರ ತಲುಪಿತು. ಅರ್ಜೆಂಟೀನಾದ ಕ್ಲಬ್ ಬೋಕಾ ಜೂನಿಯರ್ಸ್‌ನಲ್ಲಿ ಮರಡೋನಾ ಜೊತೆ ಆಡಿದ ಪೆರುವಿನ ನೊಲ್ಬರ್ಟೊ ಸೊಲಾನೊ ಪಾಕಿಸ್ತಾನ ತಂಡದ ಕೋಚ್ ಆದ ಸುದ್ದಿ ಓದಿ ನಿಮಗೆ ಬೇಸರವಾಗಿದೆ. 'ಫಿಫಾ ಪಟ್ಟಿಯಲ್ಲಿ 200ರ ಆಸುಪಾಸು ಇರುವ ತಂಡ. ಅಷ್ಟು ದೊಡ್ಡ ಆಟಗಾರ ಇಷ್ಟು ಕೆಳಗಿಳಿಯಬೇಕಿತ್ತಾ, ಪಾಪ' ಎಂದಿದ್ದೀರಿ. ಅಭಿಮಾನದಿಂದ ಬಂದ ಮಾತು, ಗೊತ್ತು. ಆದರೂ ಆ 'ಪಾಪ'ವನ್ನು ನಾನು ಒಪ್ಪಲಾರೆ.

ಸೊಲಾನೊ ಹುಟ್ಟಿದ್ದು 1974ರಲ್ಲಿ, ಪೆರುವಿನ ರಾಜಧಾನಿ ಲಿಮಾ ಪಕ್ಕದ ಬಂದರು ಕಯಾವೊದಲ್ಲಿ. ಅಲ್ಲಿನ ಕ್ಲಬ್ ಸ್ಪೋರ್ಟಿಂಗ್ ಕ್ರಿಸ್ಟಲ್ ಪರ 1994ರಿಂದ ಸತತ ಮೂರು ವರ್ಷ ಪೆರು ಲೀಗ್ ಗೆದ್ದರು. 1997ರಲ್ಲಿ ಬೋಕಾ, 1998ರಲ್ಲಿ ಇಂಗ್ಲೆಂಡಿನ ಕ್ಲಬ್ ನ್ಯೂಕ್ಯಾಸಲ್. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಆಡಿದ ಮೊದಲ ಪೆರು ಆಟಗಾರ ಅವರೇ.

ಬಲಬದಿಯಲ್ಲಿ ಆಡುತ್ತಿದ್ದ ಅವರಿಗೆ ಭಾರೀ ವೇಗ ಇರಲಿಲ್ಲ. ಎದುರಿನ ಡಿಫೆಂಡರ್‌ನನ್ನು ದಾಟಿ ಗೆರೆತನಕ ಓಡಲೇಬೇಕು ಎಂಬ ಹಟವೂ ಇರಲಿಲ್ಲ. ಚೆಂಡನ್ನು ಬಲಗಾಲಿಗೆ ಒಂಚೂರು ಸರಿಸಿಕೊಳ್ಳುತ್ತಿದ್ದರು. ಅರ್ಧ ಗಜ ಜಾಗ ಸಿಕ್ಕರೆ ಸಾಕು. ಡಿಫೆಂಡರ್ ಕಾಲು ಚಾಚುವಷ್ಟರಲ್ಲಿ ಚೆಂಡು ತಿರುಗುತ್ತಾ ಗೋಲಿನ ಮುಂದೆ ಬಂದಿರುತ್ತಿತ್ತು. ಅಲ್ಲಿ ಗೋಲು ಹೊಡೆಯಲು ತಂಡದ ಸ್ಟ್ರೈಕರ್ ಅಲನ್ ಷಿಯರರ್ ಕಾದಿರುತ್ತಿದ್ದರು. ಇನ್ನೊಬ್ಬರಿಗೆ ಗೋಲು ಹೊಡೆಯಲು ದಾರಿ ಮಾಡಿಕೊಡುವುದರಲ್ಲೇ ಅವರ ಆಟದ ಸೊಗಸು ಇತ್ತು. ನ್ಯೂಕ್ಯಾಸಲ್ ಜನ ಅವರನ್ನು ಪ್ರೀತಿಯಿಂದ ನಾಬಿ ಎಂದೇ ಕರೆದರು. ಟ್ರಂಪೆಟ್ ಅಂದರೂ ಅವರಿಗೆ ಪ್ರಾಣ. ಮ್ಯಾನೇಜರ್ ಬಾಬಿ ರಾಬ್ಸನ್‌ಗೆ ಫೋನ್ ಮಾಡಿ, ಮಾತಾಡದೆ ಟ್ರಂಪೆಟ್ ಊದುತ್ತಿದ್ದರಂತೆ. ಅಲ್ಲೇ ಒಂದು ಸಾಲ್ಸಾ ಬ್ಯಾಂಡನ್ನೂ ಕಟ್ಟಿದ್ದರು.

ಇಷ್ಟಿದ್ದರೂ ಒಂದು ಕೊರತೆ ಉಳಿಯಿತು. ಪೆರು ಪರ 90ಕ್ಕೂ ಹೆಚ್ಚು ಪಂದ್ಯ ಆಡಿದವರಿಗೆ ಒಂದೇ ಒಂದು ವಿಶ್ವಕಪ್ ಸಿಗಲಿಲ್ಲ. 1998ರ ಟೂರ್ನಿಯ ಅರ್ಹತಾ ಸುತ್ತಿನಲ್ಲಿ ಪೆರು ಮತ್ತು ಚಿಲಿ ತಲಾ 25 ಅಂಕ ಗಳಿಸಿದ್ದವು. ಗೋಲುಗಳ ಲೆಕ್ಕದಲ್ಲಿ ಚಿಲಿ ಹೋಯಿತು. ಆಮೇಲಿನ ಮೂರು ಸಲವೂ ಪೆರುವಿಗೆ ಬಾಗಿಲು ತೆರೆಯಲಿಲ್ಲ.

2015ರಲ್ಲಿ ಅವರು ಪೆರು ತಂಡದ ಮುಖ್ಯ ಕೋಚ್ ರಿಕಾರ್ಡೊ ಗರೇಕಾ ಅವರ ಸಹಾಯಕ ಕೋಚ್ ಆದರು. ಅಷ್ಟು ಹೆಸರು ಮಾಡಿದವರು ಎರಡನೇ ಸ್ಥಾನಕ್ಕೆ ಒಪ್ಪಿಕೊಂಡಿದ್ದು ನನಗೆ ತುಂಬಾ ಹಿಡಿಸಿತು. 2017ರ ನವೆಂಬರ್ 15ರಂದು ಲಿಮಾದಲ್ಲಿ ಪೆರು ನ್ಯೂಜಿಲೆಂಡ್‌ ವಿರುದ್ಧ 2–0ರಿಂದ ಗೆದ್ದಿತು. ಮೊದಲ ಗೋಲು ಜೆಫರ್ಸನ್ ಫರ್ಫಾನ್ ಅವರದು. ಹಿಂದೆ ಸೊಲಾನೊ ಜೊತೆಯೇ ಪೆರು ಪರ ಆಡಿದವರು! 36 ವರ್ಷಗಳ ನಂತರ ಸಿಕ್ಕ ವಿಶ್ವಕಪ್ ಟಿಕೆಟ್ ಅದು. ಮರುದಿನ ಸರ್ಕಾರ ದೇಶಕ್ಕೇ ರಜೆ ಕೊಟ್ಟಿತು. ಆಟಗಾರನಾಗಿ ಕೈತಪ್ಪಿದ ವಿಶ್ವಕಪ್‌ಗೆ ಸೊಲಾನೊ ಸಹಾಯಕ ಕೋಚ್ ಆಗಿ ರಷ್ಯಾಕ್ಕೆ ಹೋದರು. ಇದಕ್ಕಿಂತ ಜಾಸ್ತಿ ಏನು ಬೇಕು ಹೇಳಿ?

ಮುಖ್ಯ ಕೋಚ್ ಆಗಿ ಅವರ ಸಾಧನೆ ದೊಡ್ಡದೇನಲ್ಲ, ಅದು ನಿಜ. ಲಿಮಾದ ಯೂನಿವರ್ಸಿಟಾರಿಯೊ, ನ್ಯೂಕ್ಯಾಸಲ್ ಹತ್ತಿರದ ಪುಟ್ಟ ಕ್ಲಬ್ ಬ್ಲೈತ್ ಸ್ಪಾರ್ಟನ್ಸ್ — ಯಾವ ಕಡೆಯೂ ಜಾಸ್ತಿ ದಿನ ಉಳಿಯಲಿಲ್ಲ. ಆದರೆ ಕೆಲಸ ಸಣ್ಣದು ಅಂತ ಅವರು ದೂರ ಉಳಿಯಲೂ ಇಲ್ಲ.

ಇನ್ನು ಪಾಕಿಸ್ತಾನದ ವಿಷಯ. 2023ರ ಜೂನ್‌ನಲ್ಲಿ ದಕ್ಷಿಣ ಏಷ್ಯಾ ತಂಡಗಳ ಸ್ಯಾಫ್ ಟೂರ್ನಿಗೆ ಆ ತಂಡ ನಮ್ಮ ಕಂಠೀರವ ಕ್ರೀಡಾಂಗಣಕ್ಕೆ ಬಂದಿತ್ತು. ಭಾರತ 4–0ಯಿಂದ ಗೆದ್ದಿತು, ಸುನಿಲ್ ಛೆಟ್ರಿ ಮೂರು ಗೋಲು ಹೊಡೆದರು. ಆ ಸೋಲನ್ನು ನೋಡಿ ನಕ್ಕವರೇ ಜಾಸ್ತಿ. ಅಲ್ಲಿ ವರ್ಷವಿಡೀ ನಡೆಯುವ ಗಟ್ಟಿ ಲೀಗ್ ಇಲ್ಲ. ಫುಟ್‌ಬಾಲ್ ಸಂಸ್ಥೆಯ ಒಳಜಗಳದಿಂದ ಫಿಫಾ ಅದನ್ನು ಮತ್ತೆ ಮತ್ತೆ ಅಮಾನತು ಮಾಡಿತು. ಕೊನೆಯ ಅಮಾನತು ತೆರವಾದದ್ದು 2025ರ ಮಾರ್ಚ್‌ನಲ್ಲಿ. ಜುಲೈನಲ್ಲಿ ಸೊಲಾನೊ ಒಪ್ಪಿಕೊಂಡರು. ಅವರಿಗಿಂತ ಮುಂಚೆ ಅಲ್ಲಿದ್ದ ಸ್ಟೀಫನ್ ಕಾನ್‌ಸ್ಟಂಟೈನ್ ನಮ್ಮ ತಂಡಕ್ಕೂ ಕೋಚ್ ಆಗಿದ್ದವರು. 2017ರಲ್ಲಿ ಇದೇ ಕಂಠೀರವದಲ್ಲಿ ಮಕಾವು ತಂಡವನ್ನು ಸೋಲಿಸಿ ಭಾರತ ಏಷ್ಯಾ ಕಪ್‌ಗೆ ಹೋದಾಗ ಇದ್ದವರು ಅವರೇ. ಇಂಥ ಕಡೆ ಬಂದು ದುಡಿಯುವ ಕೋಚ್‌ಗಳ ಬಗ್ಗೆ ನಾವು ಮರುಕ ಪಡಬೇಕಾಗಿಲ್ಲ. ನಮ್ಮ ಫುಟ್‌ಬಾಲ್ ಕೂಡ ಅಂಥವರ ಕೈಯಲ್ಲೇ ಬೆಳೆದದ್ದು, ಅಲ್ವಾ?

ಅವರ ಆಟ ನೋಡಲು ಎಲ್ಲಿಂದ ಶುರು ಮಾಡಲಿ ಎಂದೂ ಕೇಳಿದ್ದೀರಿ. ಯುರೋಪಿನ ಕ್ಲಬ್ಬುಗಳು ಆಡುವ ಟೂರ್ನಿಯಾದ 2002–03ರ ಚಾಂಪಿಯನ್ಸ್ ಲೀಗ್‌ನಿಂದ ಶುರು ಮಾಡಿ. ಗುಂಪಿನ ಮೊದಲ ಮೂರು ಪಂದ್ಯ ಸೋತ ನ್ಯೂಕ್ಯಾಸಲ್ ಆಮೇಲೆ ಯುವೆಂಟಸ್, ಡೈನಮೊ ಕೀವ್, ಫೆಯೆನೂರ್ಡ್ ತಂಡಗಳನ್ನು ಸೋಲಿಸಿ ಮುಂದಿನ ಸುತ್ತಿಗೆ ಹೋಯಿತು. ಗೋಲುಗಳ ತುಣುಕು ಮಾತ್ರ ನೋಡಬೇಡಿ, ಪೂರ್ತಿ ಪಂದ್ಯ ನೋಡಿ. ಚೆಂಡು ಬಲಬದಿಗೆ ಬಂದಾಗ ಒಂದು ಕಣ್ಣು ಸೊಲಾನೊ ಕಾಲಿನ ಮೇಲಿರಲಿ, ಇನ್ನೊಂದು ಷಿಯರರ್ ಓಟದ ಮೇಲೆ.

— ಸಂಪಾದಕ