ಅಭಿಷೇಕ ಆದಮೇಲೂ ಕುರಿ ಹಿಂದೆ

ಪ್ರಿಯ ಸಹೋದರಿ,

ಯೇಸುವಿನ ನಾಮದಲ್ಲಿ ವಂದನೆಗಳು. ನೀವು ಪತ್ರ ಬರೆದು ಇವತ್ತಿಗೆ ಹತ್ತು ದಿನ. ಎರಡು ಸಲ ಉತ್ತರ ಬರೆಯಲು ಕೂತೆ, ಎರಡು ಸಲವೂ ಹರಿದು ಹಾಕಿದೆ. ಮೊದಲನೆಯದು ಪ್ರಸಂಗದ ಥರ ಇತ್ತು. ಎರಡನೆಯದು ಅದಕ್ಕಿಂತ ಕಡೆ. ನಿಮಗೆ ಈಗಾಗಲೇ ಹತ್ತು ಜನ ಹೇಳಿರುವ ಮಾತನ್ನೇ ಹನ್ನೊಂದನೆಯವನಾಗಿ ನಾನೂ ಹೇಳಿದ್ದೆ.

ಉಳಿದ ಓದುಗರಿಗೂ ವಿಷಯ ಗೊತ್ತಾಗಬೇಕಲ್ಲ, ಅದಕ್ಕೆ ನಿಮ್ಮ ಪತ್ರದ ಸಾರ ಕೊಡುತ್ತೇನೆ. ನೀವು ಶಿಡ್ಲಘಟ್ಟ ತಾಲ್ಲೂಕಿನವರು. ದೇವರ ಸೇವೆಗೆ ಕರೆ ಇದೆ ಎಂದು ನಂಬಿ ದೈವಶಾಸ್ತ್ರ ಓದಿದಿರಿ. ಓದು ಮುಗಿದ ವರ್ಷವೇ ಅಪ್ಪನಿಗೆ ಲಕ್ವ ಹೊಡೆಯಿತು. ಆರು ತಿಂಗಳು ಇದ್ದು ಹೋಗೋಣ ಅಂತ ಊರಿಗೆ ಬಂದವರು ಏಳು ವರ್ಷದಿಂದ ಅಲ್ಲೇ ಇದ್ದೀರಿ. ಅಮ್ಮನ ಜೊತೆ ಸೊಪ್ಪು ಕುಯ್ಯುತ್ತೀರಿ, ರೇಷ್ಮೆ ಹುಳು ಸಾಕುತ್ತೀರಿ, ಅಪ್ಪನನ್ನು ನೋಡಿಕೊಳ್ಳುತ್ತೀರಿ. ಭಾನುವಾರ ಒಂಬತ್ತು ಮಕ್ಕಳಿಗೆ ಸಂಡೇ ಸ್ಕೂಲ್. ಜೊತೆಗೆ ಓದಿದವರಲ್ಲಿ ಒಬ್ಬರು ಆಸ್ಪತ್ರೆಯಲ್ಲಿ ಚಾಪ್ಲೆನ್ (ರೋಗಿಗಳಿಗಾಗಿ ಪ್ರಾರ್ಥಿಸುವ ಸೇವಕರು), ಇನ್ನೊಬ್ಬರಿಗೆ ನೋಡಿಕೊಳ್ಳಲು ಒಂದು ಸಭೆ (ಚರ್ಚ್) ಕೊಟ್ಟಿದ್ದಾರೆ. ನೆಂಟರು "ಓದಿದ್ದೆಲ್ಲ ದಂಡ" ಅನ್ನುತ್ತಾರೆ. ಸಭೆಯವರು "ದೇವರು ನಿನ್ನನ್ನು ತಯಾರು ಮಾಡ್ತಿದ್ದಾನಮ್ಮ" ಅನ್ನುತ್ತಾರೆ. ಎರಡರಲ್ಲಿ ಜಾಸ್ತಿ ನೋಯುವುದು ಎರಡನೆಯದಕ್ಕೇ ಅಂತ ಬರೆದಿದ್ದೀರಿ. ಆಮೇಲೆ ಎರಡು ಪ್ರಶ್ನೆ. ಇದು ತಯಾರಿಯಾ, ಇಲ್ಲಾ ದೇವರು ನನ್ನನ್ನು ಮರೆತಿದ್ದಾನಾ? ಬೈಬಲ್ ತೆರೆದರೆ ಎರಡು ಸಾಲಿಗೆ ನಿದ್ದೆ ಬರುತ್ತದೆ, ಇಂಥವಳು ನಂಬಿಗಸ್ತಳು ಅಂತ ಹೇಳಿಕೊಳ್ಳಬಹುದಾ?

ಮೊದಲ ಪ್ರಶ್ನೆಗೆ ಈಗ ಉತ್ತರ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ. ನಮ್ಮ ಸಭೆಗಳಲ್ಲಿ ಈ 'ತಯಾರಿಯ ಕಾಲ' ಅನ್ನುವುದು ತುಂಬ ಸಲೀಸಾದ ಮಾತಾಗಿದೆ. ಕೆಲಸ ಸಿಗದ ಹುಡುಗನಿಗೂ ಅದೇ, ಮದುವೆ ಕೂಡಿಬರದ ಹುಡುಗಿಗೂ ಅದೇ, ಬೋರ್‌ವೆಲ್ ಫೇಲಾದ ರೈತನಿಗೂ ಅದೇ. ತಪ್ಪು ಮಾಡದೆ ಐಗುಪ್ತದ ಸೆರೆಮನೆ ಸೇರಿದ ಯೋಸೇಫನಿಗೆ ಅಲ್ಲಿ ಯಾರೂ ಹಾಗೆ ಹೇಳಲಿಲ್ಲ. ತಾನು ದೊಡ್ಡವನಾಗುವ ಕನಸು ಕಂಡಾಗ ಅವನಿಗೆ 17 ವರ್ಷ, ಐಗುಪ್ತದ ರಾಜ ಫರೋಹನ ಮುಂದೆ ನಿಂತಾಗ 30. ನಡುವಿನ 13 ವರ್ಷ ನಮಗೆ ತಯಾರಿಯ ಹಾಗೆ ಕಾಣುತ್ತದೆ, ಯಾಕೆಂದರೆ ಅವನು ಐಗುಪ್ತಕ್ಕೆ ಅಧಿಪತಿಯಾಗುವ ಆದಿಕಾಂಡ 41ನೇ ಅಧ್ಯಾಯವನ್ನು ನಾವು ಓದಿದ್ದೇವೆ. ಪಾಪ, ಅವನು ಓದಿರಲಿಲ್ಲ.

ನನಗೆ ಇದಕ್ಕಿಂತ ಹತ್ತಿರ ಅನ್ನಿಸುವುದು ದಾವೀದನ ಕಥೆ. ಗೊಲ್ಯಾತನ ಭಾಗ ಬಿಡಿ, ಅದು ಎಲ್ಲರಿಗೂ ಬರುತ್ತದೆ. ಅದರ ಹಿಂದೆ ಮುಂದೆ ಇರುವ ಸಣ್ಣ ಸಾಲುಗಳನ್ನು ನೋಡಿ. 1 ಸಮುವೇಲ 16ರಲ್ಲಿ ಪ್ರವಾದಿ ಸಮುವೇಲ ಬಂದು, ಅಣ್ಣಂದಿರ ಎದುರಿಗೇ ಅವನ ತಲೆಗೆ ಎಣ್ಣೆ ಹೊಯ್ದು ಮುಂದಿನ ರಾಜ ಅಂತ ಅಭಿಷೇಕ ಮಾಡಿದ. ಅದೇ ಅಧ್ಯಾಯದಲ್ಲಿ ಸ್ವಲ್ಪ ಕೆಳಗೆ, ಸೌಲ ರಾಜನ ಆಳುಗಳು ಇಷಯನ ಮನೆಗೆ ಬರುತ್ತಾರೆ. ಏನು ಕೇಳುತ್ತಾರೆ? ಕುರಿ ಕಾಯುತ್ತಿರುವ ನಿನ್ನ ಮಗ ದಾವೀದನನ್ನು ಕಳಿಸು ಅಂತ. ಅಭಿಷೇಕ ಆಗಿದೆ, ಹುಡುಗ ಮತ್ತೆ ಕುರಿ ಹಿಂದೆಯೇ ಇದ್ದಾನೆ. ಎಣ್ಣೆ ಒರೆಸಿಕೊಂಡು ಹೋದನೋ ಏನೋ.

17ನೇ ಅಧ್ಯಾಯ ಇನ್ನೂ ಚೆನ್ನಾಗಿದೆ. ಅಣ್ಣಂದಿರು ಯುದ್ಧಕ್ಕೆ ಹೋಗಿದ್ದಾರೆ. ಅಪ್ಪ ಈ ಭಾವಿ ರಾಜನ ಕೈಗೆ ಬುತ್ತಿ ಕೊಡುತ್ತಾನೆ. ಹುರಿಗಾಳು, ಹತ್ತು ರೊಟ್ಟಿ, ಅವರ ಮೇಲಧಿಕಾರಿಗೆ ಹತ್ತು ಗಿಣ್ಣು. ಕೊಟ್ಟು ಬಾ, ಅವರು ಹೇಗಿದ್ದಾರೆ ನೋಡಿಕೊಂಡು ಬಾ. ಮಾರನೇ ದಿನ ಬೆಳಿಗ್ಗೆ ಬೇಗ ಎದ್ದು ಹೊರಡುವ ಮುಂಚೆ ದಾವೀದ ಒಂದು ಕೆಲಸ ಮಾಡುತ್ತಾನೆ. ಕುರಿಗಳನ್ನು ಇನ್ನೊಬ್ಬ ಕಾವಲುಗಾರನಿಗೆ ಒಪ್ಪಿಸುತ್ತಾನೆ. ಅರ್ಧ ಸಾಲಲ್ಲಿ ಮುಗಿಯುವ ಮಾತು, ಓದುವಾಗ ಕಣ್ಣು ಜಾರಿಹೋಗುತ್ತದೆ. ಅಲ್ಲಿಗೆ ಹೋದರೆ ದೊಡ್ಡಣ್ಣ ಎಲೀಯಾಬ ಬೈಯುವುದೇ ಅದಕ್ಕೆ: ಕಾಡಲ್ಲಿದ್ದ ಆ ನಾಲ್ಕು ಕುರಿಗಳನ್ನು ಯಾರ ಕೈಲಿ ಬಿಟ್ಟು ಬಂದೆ? ದಾವೀದ ಅದಕ್ಕೆ ಉತ್ತರ ಕೊಡುವುದಿಲ್ಲ. ಕುರಿ ಯಾರ ಕೈಲಿದೆ ಅಂತ ಅವನಿಗೂ ಗೊತ್ತು, ನಮಗೂ ಗೊತ್ತು. ನಂಬಿಗಸ್ತಿಕೆ ಅಂದರೆ ನನಗೆ ಮೊದಲು ನೆನಪಾಗುವುದು ಆ ಅರ್ಧ ಸಾಲು.

ಅವನು ರಾಜನಾದದ್ದು 30ನೇ ವಯಸ್ಸಿಗೆ. ಅದೂ ಪೂರ್ತಿ ಅಲ್ಲ, ಹೆಬ್ರೋನಿನಲ್ಲಿ ಏಳೂವರೆ ವರ್ಷ ಯೆಹೂದಕ್ಕೆ ಮಾತ್ರ ರಾಜ.

ನಮ್ಮ ಮತದ ಮಾತಲ್ಲ, ಆದರೂ ಹೇಳುತ್ತೇನೆ. ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳನ್ನು ಮಠದ ಉತ್ತರಾಧಿಕಾರಿ ಅಂತ ಆರಿಸಿದ್ದು 1930ರಲ್ಲಿ. ಮಠದ ಹೊಣೆ ಕೈಗೆ ಬಂದದ್ದು 1941ರಲ್ಲಿ. 2019ರಲ್ಲಿ ಅವರು ತೀರಿಕೊಂಡಾಗ ನಾನೂ ಎಷ್ಟೋ ಜನರ ಮಾತು ಕೇಳಿದೆ. ಎಲ್ಲರೂ ಅನ್ನ, ಅಕ್ಷರ, ಆಶ್ರಯದ ವಿಷಯ ಹೇಳಿದರು. ನಡುವಿನ ಆ 11 ವರ್ಷದ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಈಗ ನಿಮ್ಮ ಒಂಬತ್ತು ಮಕ್ಕಳ ವಿಷಯ. "ಸದ್ಯಕ್ಕೆ ಸಂಡೇ ಸ್ಕೂಲ್ ಮಾತ್ರ" ಅಂತ ಬರೆದಿದ್ದೀರಿ. ಆ 'ಸದ್ಯಕ್ಕೆ' ಮತ್ತು 'ಮಾತ್ರ' ಎರಡನ್ನೂ ಹೊಡೆದು ಹಾಕಿ ಅಂತ ಕೇಳಿಕೊಳ್ಳುತ್ತೇನೆ. ಆ ಮಕ್ಕಳು ನಿಮ್ಮ ಟ್ರೈನಿಂಗಿಗೆ ಸಿಕ್ಕ ಸಾಮಾನಲ್ಲ. ಅವರಿಗೆ ಬೇರೆ ಟೀಚರ್ ಇಲ್ಲ, ಇದು ಬಿಟ್ಟರೆ ಬೇರೆ ಬಾಲ್ಯವೂ ಇಲ್ಲ.

ಇನ್ನೊಂದು ಕಡೆ ನೀವು ದಾರಿ ತಪ್ಪಿದ್ದೀರಿ ಅಂತ ನನಗನ್ನಿಸುತ್ತದೆ. "ನಾನಾಗಿ ಯಾರನ್ನೂ ಕೇಳಿಲ್ಲ, ದೇವರೇ ಬಾಗಿಲು ತೆರೆಯಲಿ ಅಂತ ಸುಮ್ನಿದ್ದೇನೆ" ಅಂದಿದ್ದೀರಿ. ಯೋಸೇಫ ಸುಮ್ಮನಿರಲಿಲ್ಲ. ಒಂದು ಬೆಳಿಗ್ಗೆ ಜೊತೆ ಕೈದಿಗಳಿಬ್ಬರ ಮುಖ ಬಾಡಿರುವುದು ಅವನ ಕಣ್ಣಿಗೆ ಬಿತ್ತು, ಯಾಕೆ ಹೀಗಿದ್ದೀರಿ ಅಂತ ವಿಚಾರಿಸಿದ. ತಾನೇ ತಪ್ಪು ಮಾಡದೆ ಒಳಗಿರುವವನು! ಆಮೇಲೆ ಅವರಲ್ಲೊಬ್ಬನಾದ, ಫರೋಹನಿಗೆ ದ್ರಾಕ್ಷಾರಸ ಕೊಡುತ್ತಿದ್ದ ಪಾನದಾಯಕನ ಬಿಡುಗಡೆ ಖಚಿತ ಅಂತ ಗೊತ್ತಾದಾಗ ಬಾಯಿ ಬಿಟ್ಟೇ ಕೇಳಿದ: ನನ್ನ ನೆನಪಿರಲಿ, ಫರೋಹನಿಗೆ ಹೇಳಿ ಇಲ್ಲಿಂದ ಬಿಡಿಸಿ. ಆ ಮನುಷ್ಯ ಮರೆತ. ಪೂರ್ತಿ ಎರಡು ವರ್ಷ ಹೋಯಿತು. ಆದರೆ ಕೇಳಿದ್ದು ಅಪನಂಬಿಕೆ ಅಂತ ಬೈಬಲ್ ಎಲ್ಲೂ ಹೇಳುವುದಿಲ್ಲ.

ಇಲ್ಲಿ ನನ್ನ ಕಥೆ ಸ್ವಲ್ಪ ಹೇಳಬೇಕು. ನಾನು 26ನೇ ವಯಸ್ಸಿನಲ್ಲಿ ಒಂದು ಸಂಸ್ಥೆಗೆ ಸೇವೆಗೆ ಅರ್ಜಿ ಹಾಕಿದ್ದೆ. ಮುಂದಿನ ವರ್ಷ ನೋಡೋಣ ಅಂದರು. ಮೂರು ವರ್ಷ ಕಾದೆ. ವಿಚಾರಿಸಿದರೆ ವಿಧೇಯತೆ ಕಡಿಮೆ ಅಂದುಕೊಂಡಾರು ಅಂತ ಹೆದರಿಕೆ. ದೇವರ ಸಮಯ ಇನ್ನೂ ಬಂದಿಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ, ಪ್ರಾರ್ಥನಾ ಕೂಟದಲ್ಲಿ ಸಾಕ್ಷಿಯನ್ನೂ ಹೇಳಿದೆ. ಕೊನೆಗೆ ಒಬ್ಬ ಗುಮಾಸ್ತರು ಬೀರುವಿನ ಕೆಳಗಿನ ಅರೆಯಿಂದ ನನ್ನ ಅರ್ಜಿ ತೆಗೆದು ತೋರಿಸಿದರು. ಯಾರೂ ನೋಡಿರಲೇ ಇಲ್ಲ. ಬೇಕು, ಬೇಡ, ಯಾವುದನ್ನೂ ಯಾರೂ ತೀರ್ಮಾನ ಮಾಡಿರಲಿಲ್ಲ. ಆ ದಿನದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಆ ಮೂರು ವರ್ಷವನ್ನೂ ದೇವರು ಬಳಸಿಕೊಂಡಿರಬಹುದು, ನಾನು ಜಗಳಕ್ಕೆ ಬರುವುದಿಲ್ಲ. ಆದರೆ ಒಂದು ಕಾಗದ ಹಿಡಿದು ಹೋಗಿ ಕೇಳಬಹುದಿತ್ತು.

ಆದ್ದರಿಂದ ನೀವು ಕೇಳಿ. ನಿಮ್ಮ ಸಭೆಯ ಮೇಲಿನವರಿಗೆ ಬರವಣಿಗೆಯಲ್ಲಿ ಕೇಳಿ, ತಾರೀಕು ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ. ನಿಮಗೆ ಹತ್ತಿರದ ಚಿಕ್ಕಬಳ್ಳಾಪುರದಲ್ಲಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆಸ್ಪತ್ರೆ ಇದೆ. ಇಲ್ಲಿ ನಮ್ಮ ಕೋಲಾರದಲ್ಲಿ 1910ರಲ್ಲಿ ಶುರುವಾದ, ಮೆಥಡಿಸ್ಟ್ ಸಭೆಯವರ ಇಟಿಸಿಎಂ ಆಸ್ಪತ್ರೆ ಇದೆ. ಹದಿನೈದು ದಿನಕ್ಕೊಮ್ಮೆ ಬಂದು ರೋಗಿಗಳ ಹತ್ತಿರ ಕೂತು ಪ್ರಾರ್ಥನೆ ಮಾಡಬಹುದಾ ಅಂತ ವಿಚಾರಿಸಿ. ಲಕ್ವ ಹೊಡೆದವರ ಮನೆಯವರ ಜೊತೆ ಏನು ಮಾತಾಡಬೇಕು ಅನ್ನುವುದು ನಿಮ್ಮ ಕ್ಲಾಸಿನಲ್ಲಿ ಓದಿದ ಬೇರೆಯವರಿಗಿಂತ ನಿಮಗೆ ಚೆನ್ನಾಗಿ ಗೊತ್ತಿದೆ. ಆ ದಿನ ಅಪ್ಪನ ಹತ್ತಿರ ಯಾರು ಇರುತ್ತಾರೆ? "ತಯಾರು ಮಾಡ್ತಿದ್ದಾನೆ" ಅಂದವರನ್ನೇ ಸರದಿ ಹಾಕಿ ಕೂರಿಸಿ. ತಮಾಷೆಗೆ ಹೇಳುತ್ತಿಲ್ಲ. ಕುರಿಯನ್ನು ಕಾವಲುಗಾರನಿಗೆ ಒಪ್ಪಿಸಿ ಹೋಗುವುದೂ ಕೆಲಸದ ಒಂದು ಭಾಗ ತಾನೇ?

ನಿದ್ದೆಯ ಪ್ರಶ್ನೆಗೆ ಬರುತ್ತೇನೆ. ಪತ್ರದ ಕೊನೆಯಲ್ಲಿ "ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ, ಇವತ್ತು ಸೊಪ್ಪು ಹಾಕುವ ಕೆಲಸ ಇಲ್ಲ, ಅದಕ್ಕೆ ಬರೆಯಲು ಪುರುಸೊತ್ತು ಸಿಕ್ಕಿತು" ಅಂತಿದೆ. ಅದನ್ನು ಓದಿ ನಗು ಬಂತು, ಆಮೇಲೆ ಕಣ್ಣೂ ತುಂಬಿತು. ನಾನೂ ಚಿಂತಾಮಣಿ ಕಡೆಯ ರೇಷ್ಮೆ ಮನೆಯವನೇ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಜ್ವರ ಅಂದರೆ ಕಾಯಿಲೆ ಅಲ್ಲ, ಹುಳು ಪೊರೆ ಬಿಡುವ ಹೊತ್ತು. ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ, ತಿನ್ನುವುದಿಲ್ಲ. ಹೀಗೆ ನಾಲ್ಕು ಸಲ. ನಾಲ್ಕನೇ ಜ್ವರ ಎದ್ದಮೇಲೆ ಏಳೆಂಟು ದಿನ ಹಬ್ಬದ ಊಟ. ಹುಟ್ಟಿದಾಗಿನಿಂದ ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಆ ದಿನಗಳಲ್ಲೇ ಖಾಲಿ. ಬೆಳಗಿನ ಜಾವ ಸೊಪ್ಪು, ರಾತ್ರಿ ಸೊಪ್ಪು, ಮಧ್ಯೆ ಅಪ್ಪನನ್ನು ಮಗ್ಗುಲು ಬದಲಾಯಿಸಿ ಮಲಗಿಸುವುದು. ಇಂಥ ವಾರದಲ್ಲಿ ಬೈಬಲ್ ಮೇಲೆ ನಿದ್ದೆ ಬರದಿದ್ದರೆ ಡಾಕ್ಟರಿಗೆ ತೋರಿಸಬೇಕು! ಪ್ರವಾದಿ ಎಲೀಯ ಸಾಕಪ್ಪಾ ಸಾಕು ಅಂತ ಗಿಡದ ಕೆಳಗೆ ಮಲಗಿದಾಗ ದೇವದೂತ ಬೈಯಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ. ತಿಂದು ಅವನು ಮತ್ತೆ ಮಲಗಿದ.

ಆ ವಾರಗಳಲ್ಲಿ 13ನೇ ಕೀರ್ತನೆ ಸಾಕು. ಆರೇ ವಚನ. ಎಷ್ಟು ಕಾಲ ಅಂತ ದಾವೀದ ದೇವರನ್ನು ನಾಲ್ಕು ಸಲ ಕೇಳುತ್ತಾನೆ, ನನ್ನನ್ನು ಮರೆತೇಬಿಟ್ಟೆಯಾ ಅಂತಲೂ ಕೇಳುತ್ತಾನೆ. ನೀವು ನನ್ನನ್ನು ಕೇಳಿದ ಪ್ರಶ್ನೆಯೇ. ಇನ್ನು ಮೇಲೆ ಅದನ್ನು ನನಗೆ ಬರೆಯುವ ಬದಲು ದೇವರನ್ನೇ ಕೇಳಿ, ಸೊಪ್ಪು ಕುಯ್ಯುತ್ತಾ ಜೋರಾಗಿಯೇ ಕೇಳಿ.

ಜ್ವರದ ಮಾತು ಬಂದದ್ದಕ್ಕೆ ಇನ್ನೊಂದು. ಎಲ್ಲ ಹುಳು ಒಟ್ಟಿಗೆ ಏಳುವುದಿಲ್ಲ. ಮೊದಲು ಎದ್ದವು ಸೊಪ್ಪಿಗಾಗಿ ತಡಕಾಡುತ್ತವೆ. ನನ್ನ ಅಮ್ಮ ಹಾಕುತ್ತಿರಲಿಲ್ಲ. ಉಳಿದವೂ ಏಳಲಿ, ಇಲ್ಲದಿದ್ದರೆ ಹುಳು ಏರುಪೇರಾಗುತ್ತದೆ ಅನ್ನುತ್ತಿದ್ದರು. ಕಾಲೇಬನ ಕಥೆ ಓದುವಾಗಲೆಲ್ಲ ನನಗೆ ಆ ಹುಳುವಿನ ತಟ್ಟೆ ಕಣ್ಣ ಮುಂದೆ ಬರುತ್ತದೆ. 40 ವರ್ಷದವನು ದೇವರು ಕೊಡುತ್ತೇನೆ ಅಂದ ದೇಶವನ್ನು ನೋಡಿ ಬಂದು, ಹೋಗೋಣ ನಡೀರಿ ಅಂದ. ಯೆಹೋಶುವ ಬಿಟ್ಟು ಉಳಿದವರು ಹೆದರಿದರು. ಅವರ ಹೆದರಿಕೆಗೆ ಇವನೂ ಮರುಭೂಮಿ ಸುತ್ತಿದ. ಬೆಟ್ಟದ ಸೀಮೆ ನನಗೆ ಕೊಡಿ ಅಂತ ಯೆಹೋಶುವನ ಮುಂದೆ ನಿಂತಾಗ ವಯಸ್ಸು 85. ಅಂದರೆ ಕಾಯುವವರೆಲ್ಲ ಇನ್ನೂ ತಯಾರಾಗಿಲ್ಲ ಅಂತಲ್ಲ. ಹೋಲಿಕೆ ಅಷ್ಟಕ್ಕೇ ನಿಲ್ಲಲಿ. ಹುಳು ಒಂದು ದಿನದಲ್ಲಿ ಏಳುತ್ತದೆ, ನಿಮ್ಮದು ಏಳು ವರ್ಷ.

ಈ ಸಂಚಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ಗೂಡು ಬಿಡಿಸಿ ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹಾಕಿರುತ್ತೀರಿ. ರೇಟು ಎಷ್ಟು ಸಿಕ್ಕಿತು ಬರೆಯಿರಿ. ಪತ್ರದಲ್ಲಿ ಆ ಒಂಬತ್ತು ಮಕ್ಕಳ ಹೆಸರೂ ಇರಲಿ. ಶುಕ್ರವಾರದ ಪ್ರಾರ್ಥನೆಯಲ್ಲಿ 'ಮಕ್ಕಳು' ಅಂತ ಒಟ್ಟಾಗಿ ಹೇಳುವುದು ನನಗೆ ಸರಿಬರುವುದಿಲ್ಲ. ಅಪ್ಪ ಅಮ್ಮನಿಗೆ ನನ್ನ ವಂದನೆ ತಿಳಿಸಿ.

ನಿಮ್ಮ,
ಸಂಪಾದಕ