ಕಪಾಟು ಸೇರಿದ ಕಾದಂಬರಿ

ಪ್ರಶ್ನೆ: ನಾವು ಉಡುಪಿಯ ಕಡೆಯವರು, ಬಾಸೆಲ್ ಮಿಷನ್ ಕಾಲದಿಂದಲೂ ಪ್ರೊಟೆಸ್ಟೆಂಟ್ ಕುಟುಂಬ. ಗಂಡ ಕುವೈತಿನಲ್ಲಿದ್ದಾರೆ. ಮನೆಯಲ್ಲಿ ನಿವೃತ್ತ ಕನ್ನಡ ಪಂಡಿತರಾದ ಮಾವ, ಒಂಬತ್ತನೆಯ ತರಗತಿಯ ಮಗಳು, ಹನ್ನೊಂದು ವರ್ಷದ ಮಗ ಇದ್ದಾರೆ. ಕುಟುಂಬ ಪ್ರಾರ್ಥನೆಯ ಹೊತ್ತಿನಲ್ಲಿ ಮಗಳು ಸತ್ಯವೇದದ ಮರೆಯಲ್ಲಿ ಮಾಟಮಂತ್ರದ ಇಂಗ್ಲಿಷ್ ಕಾದಂಬರಿ ಓದುತ್ತಿದ್ದುದು ಮಾವನ ಕಣ್ಣಿಗೆ ಬಿತ್ತು. "ವಿಶ್ವಾಸಿಗಳ ಮನೆಯಲ್ಲಿ ಕಟ್ಟುಕಥೆಗೆ ಜಾಗವಿಲ್ಲ" ಎಂದು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಉಜ್ಜೀವನ ಕೂಟದ ಮಳಿಗೆಯಿಂದ ಒಂದು ಕಟ್ಟು ಕ್ರೈಸ್ತ ಪುಸ್ತಕಗಳನ್ನು ತಂದರು. ಹೆಣ್ಣುಮಕ್ಕಳ ನಡತೆಯ ಪುಸ್ತಕವೂ ಅದರಲ್ಲಿದೆ. ಮಗಳು ಒಂದನ್ನೂ ಮುಟ್ಟಿಲ್ಲ. ಅಂತ್ಯಕಾಲದ ಒಂದು ಕಾದಂಬರಿಯನ್ನು ಓದಿದ ಮಗ, ರಾತ್ರಿ ಎದ್ದು ನಾನು ಹಾಸಿಗೆಯಲ್ಲಿದ್ದೇನೆಯೇ ಎಂದು ಮುಟ್ಟಿ ನೋಡುತ್ತಾನೆ. ಮಾವನೂ ಒಪ್ಪುವ, ಮಕ್ಕಳೂ ಓದುವ ಪುಸ್ತಕಗಳ ಪಟ್ಟಿ ಕೊಡುವಿರಾ?

ಉತ್ತರ: ಪಟ್ಟಿ ಆಮೇಲೆ. ಮಗಳ ಕಾದಂಬರಿ ಇನ್ನೊಂದು ತಿಂಗಳು ಕಪಾಟಿನಲ್ಲಿದ್ದರೂ ನಷ್ಟವಿಲ್ಲ, ಮಗನ ನಿದ್ದೆ ಹಾಗಲ್ಲ.

ವಿಶ್ವಾಸಿಗಳು ಕ್ಷಣಾರ್ಧದಲ್ಲಿ ಮಾಯವಾಗುತ್ತಾರೆ, ಉಳಿದವರು ಗೋಳಾಡುತ್ತಾರೆ. ಇಂಥ ಕಾದಂಬರಿಗಳ ಜಾಡು ಇದು. ಅಮ್ಮ ಹೋಗಿ ತಾನೊಬ್ಬನೇ ಉಳಿದರೆ ಎಂಬುದು ಹುಡುಗನ ಭಯ. ಇದು ಸತ್ಯವೇದದ ಕಥೆಯಲ್ಲ, ಅದರ ಒಂದು ವ್ಯಾಖ್ಯಾನದ ಮೇಲೆ ಯಾರೋ ಹೆಣೆದ ಕಥೆ ಎಂದು ಅವನಿಗೆ ಬಿಡಿಸಿ ಹೇಳಿ. ಆ ವ್ಯಾಖ್ಯಾನ ಹರಡಿದ್ದು 19ನೆಯ ಶತಮಾನದಲ್ಲಿ, ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕರಿಂದ. ಎಲ್ಲ ಕ್ರೈಸ್ತ ಸಭೆಗಳೂ ಅದನ್ನು ಒಪ್ಪಿಲ್ಲ. ಅಂತ್ಯಕಾಲದ ದರ್ಶನಗಳಿರುವ, ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥ ಹುಟ್ಟಿದ್ದೇ ಸಂಕಟದಲ್ಲಿದ್ದ ಪುಟ್ಟ ಸಭೆಗಳಿಗೆ ಧೈರ್ಯ ಹೇಳಲು, ಮಕ್ಕಳನ್ನು ಬೆಚ್ಚಿಬೀಳಿಸಲು ಅಲ್ಲ. ಇಷ್ಟು ಹೇಳಿ, ಕೆಲವು ದಿನ ಅವನ ಪಕ್ಕದಲ್ಲೇ ಮಲಗಿ. ವ್ಯಾಖ್ಯಾನಕ್ಕಿಂತ ಬೇಗ ಕೆಲಸ ಮಾಡುವುದು ಅದೇ.

ಈಗ ಲೆಕ್ಕ ನೋಡಿ. ಭಕ್ತಿಯ ಹೆಸರಿನಲ್ಲಿ ಮನೆಗೆ ಬಂದ ಪುಸ್ತಕ ಒಬ್ಬನ ನಿದ್ದೆ ಕೆಡಿಸಿದೆ. ಮಾಟದ ಪುಸ್ತಕ ಒಬ್ಬಳ ಒಂದು ಸಂಜೆಯ ಪ್ರಾರ್ಥನೆ ಕೆಡಿಸಿದೆ. ಹಾಗಾಗಿ ರಕ್ಷಾಪುಟ ನೋಡಿ ಆರಿಸುವುದನ್ನು ಬಿಡಿ. ಮಕ್ಕಳ ಕೈಗೆ ಕೊಡುವ ಮೊದಲು ನೀವೇ ನಲವತ್ತು ಪುಟ ಓದಿ. ನಡತೆಯ ಪುಸ್ತಕವನ್ನು ಕಟ್ಟಿನಲ್ಲೇ ಬಿಡಬಹುದು. ಹುಡುಗರ ನಡತೆಯ ಬಗ್ಗೆ ಅಂಥದ್ದೊಂದನ್ನು ತಮ್ಮನಿಗೂ ತಂದಿದ್ದರೆ ಮಾತು ಬೇರೆಯಿತ್ತು.

ಕಟ್ಟುಕಥೆಯ ವಿಷಯದಲ್ಲಿ ಮಾವನವರೊಂದಿಗೆ ವಾದಕ್ಕೆ ಇಳಿಯಬೇಡಿ. ಒಂದು ಸಂಜೆ ಪ್ರಾರ್ಥನೆಯಲ್ಲಿ ಸಮುವೇಲನ ಎರಡನೆಯ ಗ್ರಂಥದ 12ನೆಯ ಅಧ್ಯಾಯ ಓದಿಸಿ. ಊರೀಯನ ಹೆಂಡತಿಯನ್ನು ಕಸಿದು, ಅವನನ್ನೂ ಕೊಲ್ಲಿಸಿದ ಅರಸ ದಾವೀದನ ಮುಂದೆ ಪ್ರವಾದಿ ನಾತಾನ ಉಪದೇಶ ಮಾಡುವುದಿಲ್ಲ, ಬಡವನ ಒಂದೇ ಒಂದು ಕುರಿಮರಿಯನ್ನು ಸಿರಿವಂತ ಕಸಿದ ಕಥೆ ಹೇಳುತ್ತಾನೆ. ಅದು ಅಪ್ಪಟ ಕಟ್ಟುಕಥೆ. ಅರಸ ಸಿಟ್ಟಿಗೆದ್ದು ತೀರ್ಪು ಕೊಡುತ್ತಾನೆ, ಆ ತೀರ್ಪು ಅವನ ಮೇಲೆಯೇ ಬರುತ್ತದೆ. ಯೇಸು ಹೇಳಿದ ತಪ್ಪಿಹೋದ ಮಗನ ಸಾಮ್ಯವೂ, ಅಂದರೆ ದೃಷ್ಟಾಂತ ಕಥೆಯೂ, ನಡೆದ ಸಂಗತಿಯಲ್ಲವಲ್ಲ. ಪಂಡಿತರಿಗೆ ಇದರ ಮೇಲೆ ಟಿಪ್ಪಣಿ ಬೇಕಾಗದು.

ಇನ್ನು ಪುಸ್ತಕಗಳು. ಮಗನಿಗೆ ಸಿ. ಎಸ್. ಲೂಯಿಸ್ 1950ರಲ್ಲಿ ಪ್ರಕಟಿಸಿದ ನಾರ್ನಿಯಾ ಕಥೆ ಕೊಡಿ, 'ದ ಲಯನ್, ದ ವಿಚ್ ಅಂಡ್ ದ ವಾರ್ಡ್‌ರೋಬ್'. ಹೆಸರಿನಲ್ಲೇ ಮಾಟಗಾತಿ ಇದ್ದಾಳೆ, ಜೊತೆಗೆ ಒಂದು ಕಪಾಟೂ ಇದೆ. ಮಾವನವರಿಗೆ ಮುಂಚಿತವಾಗಿ ಹೇಳಿಬಿಡಿ. ತಪ್ಪು ಮಾಡಿದ ಹುಡುಗನಿಗಾಗಿ ಸಿಂಹ ಪ್ರಾಣ ಕೊಟ್ಟು ಮತ್ತೆ ಎದ್ದುಬರುವ ಭಾಗ ಬಂದಾಗ ಅದು ಯಾರ ಕಥೆಯೆಂದು ಅವರೇ ಗುರುತಿಸುತ್ತಾರೆ.

ಮಗಳಿಗೆ ಕೋರಿ ಟೆನ್ ಬೂಮ್ ಅವರ 'ದ ಹೈಡಿಂಗ್ ಪ್ಲೇಸ್'. ಹಾಲೆಂಡಿನ ಹಾರ್ಲೆಮ್‌ನಲ್ಲಿ ಗಡಿಯಾರ ರಿಪೇರಿಯ ಕುಟುಂಬವೊಂದು ನಾಜಿಗಳಿಂದ ಯಹೂದ್ಯರನ್ನು ಬಚ್ಚಿಟ್ಟ ಆತ್ಮಕಥೆ. ಸೆರೆಸಿಕ್ಕ ಮೇಲೆ ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ ಅಕ್ಕ ಬೆಟ್ಸಿ ಚಿಗಟಗಳಿಗಾಗಿಯೂ ದೇವರಿಗೆ ಸ್ತೋತ್ರ ಹೇಳುತ್ತಾಳೆ, ಕೋರಿಗೆ ಅದು ಅತಿಯೆನಿಸುತ್ತದೆ. ಆದರೆ ಆ ಚಿಗಟಗಳಿಗೆ ಹೆದರಿಯೇ ಕಾವಲಿನವರು ಒಳಗೆ ಕಾಲಿಡುತ್ತಿರಲಿಲ್ಲ, ಹೆಂಗಸರು ಕದ್ದುಮುಚ್ಚಿ ಸತ್ಯವೇದ ಓದಲು ಸಾಧ್ಯವಾಯಿತು. ಬೆಟ್ಸಿ 1944ರ ಡಿಸೆಂಬರಿನಲ್ಲಿ ಅಲ್ಲೇ ಸತ್ತಳು. ಶಿಬಿರದ ಕ್ರೌರ್ಯ ಇದೆ, ಆದ್ದರಿಂದ ನೀವು ಮೊದಲು ಓದಿ. ಜೀವ ಉಳಿಸಲು ಸುಳ್ಳು ಹೇಳಬಹುದೇ ಎಂದು ಊಟದ ಹೊತ್ತಿನಲ್ಲಿ ಕೇಳಿ ನೋಡಿ. ಆ ಮನೆಯವರಲ್ಲೇ ಈ ಬಗ್ಗೆ ಒಮ್ಮತವಿರಲಿಲ್ಲ.

ಪಂಡಿತಾ ರಮಾಬಾಯಿಯವರ ಬದುಕನ್ನೂ ಸೇರಿಸಿ. ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ನಿಮ್ಮ ಕಾರ್ಕಳದ ಬಳಿಯ ಮಾಳದವರು. ಮಗಳು 1858ರಲ್ಲಿ ಹುಟ್ಟಿದ್ದು ಗಂಗಾಮೂಲದ ಕಾಡಿನಲ್ಲಿ. ಬರಗಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡು, ಅಣ್ಣನೊಡನೆ ಊರೂರು ನಡೆದು, ಸಂಸ್ಕೃತ ಪಾಂಡಿತ್ಯಕ್ಕಾಗಿ ಕಲ್ಕತ್ತದಲ್ಲಿ ಬಿರುದು ಪಡೆದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಮೇಲೂ, ತಮಗೆ ಒಪ್ಪಿಗೆಯಾಗದ ಬೋಧನೆಗಳ ಬಗ್ಗೆ ಅಲ್ಲಿನ ಸನ್ಯಾಸಿನಿಯರಿಗೆ ಪತ್ರ ಬರೆದು ಜಗಳವಾಡಿದರು. ಕೊನೆಗೆ ಇಡೀ ಸತ್ಯವೇದವನ್ನು ಮರಾಠಿಗೆ ತಂದರು. ಪ್ರಶ್ನೆ ಕೇಳಿದರೆ ವಿಶ್ವಾಸ ಹೋಗುತ್ತದೆಂದು ಅಂಜುವ ಮನೆಗೆ ಇವರು ಒಳ್ಳೆಯ ಅತಿಥಿ.

ಕೊನೆಯದು ಮಾವ ಮತ್ತು ಮೊಮ್ಮಗಳು ಇಬ್ಬರಿಗೂ: ಮಂಜೇಶ್ವರ ಗೋವಿಂದ ಪೈಗಳ 'ಗೊಲ್ಗೊಥಾ'. ಯೇಸುವಿನ ಕೊನೆಯ ದಿನದ ಕಾವ್ಯ, ಬರೆದವರು ಕ್ರೈಸ್ತರಲ್ಲ. ಆ ಹಳೆಯ ಕನ್ನಡ ಇಂಗ್ಲಿಷ್ ಮಾಧ್ಯಮದ ಹುಡುಗಿಗೆ ಒಂಟಿಯಾಗಿ ದಕ್ಕುವುದಿಲ್ಲ, ಅದೇ ನಮಗೆ ಅನುಕೂಲ. "ಅಜ್ಜ, ಇದರ ಅರ್ಥವೇನು?" ಎಂದು ಅವಳು ಹೋಗಿ ಕೇಳಲಿ. ನಿವೃತ್ತರಾದ ಮೇಲೆ ಪಂಡಿತರನ್ನು ಯಾರೂ ಅರ್ಥ ಕೇಳಿರಲಾರರು.

ಬೀಗ ಹಾಕಿದ ಕಾದಂಬರಿಯನ್ನು ಈಗಲೇ ಕೇಳಬೇಡಿ. 'ಗೊಲ್ಗೊಥಾ' ಹತ್ತು ಪುಟ ಸಾಗಲಿ. ಆಮೇಲೆ ಕೀಲಿಯನ್ನು ನೀವೇ ಕೇಳಿ, ಮೊದಲು ಓದುವುದು ತಾವೋ ನಾನೋ ಎಂದು.